ಮೀನು ದಾಟುವ ದಿನ

ನಾನು ಗೊತ್ತುಮಾಡುವ ಮದುವೆಗಳಿಗೆ ಈಗ ಒಂದೇ ಷರತ್ತು. ಚಪ್ಪರದ ಕೆಳಗೆ ಉಂಗುರ ತೊಡಿಸಿ, ಗಾಜಿನ ಲೋಟ ತುಳಿದು ಒಡೆದ ಮೇಲೆ ಗಂಡು ಹೆಣ್ಣು ಅವತ್ತೇ ಊರು ಬಿಡಬೇಕು. ಎಲ್ಲಿಗಾದರೂ ಹೋಗಲಿ, ಪಕ್ಕದೂರಿನ ನೆಂಟರ ಮನೆಗೆ ಹೋಗಿ ಎರಡು ದಿನ ಬಿಟ್ಟು ಬಂದರೂ ಸೈ. ಮದುವೆಯ ದಿನ ಮಾತ್ರ ಗ್ರೀಸಿನ ಈ ಸಾಲೊನಿಕಾ ಊರಲ್ಲಿ ಮಲಗುವ ಹಾಗಿಲ್ಲ. ಪಲೋಂಬತ್ತೆಗೆ ಅರಳುಮರಳು ಎಂದು ಜನ ನನ್ನನ್ನು ನೋಡಿ ನಗುತ್ತಾರೆ. ನಗಲಿ. ನಗುವುದಕ್ಕೆ ನಮ್ಮವರು ಊರಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು.

ಮೊದಲು ನಾನು ಹೀಗಿರಲಿಲ್ಲ. ಯುದ್ಧಕ್ಕೆ ಮುಂಚೆ ಮೂವತ್ತು ವರ್ಷ ಈ ಊರಿನ ಯೆಹೂದಿಗಳ ಹೆಣ್ಣು ಗಂಡುಗಳನ್ನು ಕೂಡಿಸಿದವಳು ನಾನು, ಆರು ತಿಂಗಳಿಗೆ ಮೊದಲು ಒಂದು ಸಂಬಂಧವನ್ನೂ ಕುದುರಿಸಿದವಳಲ್ಲ. ಮೊದಲ ತಿಂಗಳು ಹೆಣ್ಣಿನ ತಾಯಿ ಮುನಿಸಿಕೊಳ್ಳಬೇಕು, ಎರಡನೆಯ ತಿಂಗಳು ಗಂಡಿನ ತಾಯಿ. ಮೂರನೆಯ ತಿಂಗಳು ಯಾರದೋ ಅಜ್ಜನಿಗೆ ಹುಚ್ಚು ಹಿಡಿದಿತ್ತೆಂಬ ಸುದ್ದಿ ಬರಬೇಕು. ಅಷ್ಟೂ ಆಗದೆ ಕೂಡಿದ ಸಂಬಂಧ ಗಟ್ಟಿಯಲ್ಲ ಎಂದು ನಾನು ನಂಬಿದ್ದೆ. ಮದುವೆಯ ಮುನ್ನಾದಿನ ಮದುಮಗಳ ಸ್ನಾನ, ಅವಳ ತಲೆಯ ಮೇಲೆ ಸಕ್ಕರೆ ರೊಟ್ಟಿ ಮುರಿಯುವುದು. ಮದುವೆಯಾದ ಮೇಲೆ ಏಳು ದಿನ ಗಂಡ ಹೆಂಡತಿ ಹೊಸ್ತಿಲು ದಾಟದೆ ರಾಜ ರಾಣಿಯರ ಹಾಗೆ ಕೂರುವುದು. ಎಂಟನೆಯ ದಿನ ತಟ್ಟೆಯಲ್ಲಿಟ್ಟ ಮೀನನ್ನು ಮದುಮಗಳು ಮೂರು ಸಲ ದಾಟುವುದು, ಮೀನಿಗೆ ಮರಿಯಾದ ಹಾಗೆ ಅವಳಿಗೂ ಮಕ್ಕಳಾಗಲಿ ಎಂದು. ಮೀನು ದಾಟುವ ತನಕ ನನ್ನ ಪಾಲಿಗೆ ಅದು ಮದುವೆಯೇ ಅಲ್ಲ.

ಇಂಥ ನಾನು ೧೯೪೩ರ ಮಾರ್ಚಿನಲ್ಲಿ ಒಂಬತ್ತು ದಿನಕ್ಕೆ ಹತ್ತೊಂಬತ್ತು ಮದುವೆ ಮಾಡಿಸಿದೆ.

ಜರ್ಮನ್ನರು ನಮ್ಮನ್ನೆಲ್ಲ ರೈಲು ನಿಲ್ದಾಣದ ಪಕ್ಕದ ಕೇರಿಗೆ ತಂದು ತುಂಬಿ, ಸುತ್ತ ಹಲಗೆಯ ಬೇಲಿ ಬಡಿದಿದ್ದರು. ಎದೆಯ ಮೇಲೆ ಹಳದಿ ನಕ್ಷತ್ರ, ಒಂದೊಂದು ಕೋಣೆಗೆ ಐದೈದು ಸಂಸಾರ. ಎರಡು ಮೂರು ದಿನಕ್ಕೊಮ್ಮೆ ಕೆಲವು ಓಣಿಗಳನ್ನು ಖಾಲಿ ಮಾಡಿಸಿ ರೈಲು ಹತ್ತಿಸುತ್ತಿದ್ದರು. ಖಾಲಿಯಾದ ಕೋಣೆಗೆ ಊರೊಳಗಿಂದ ಹೊಸಬರು ಬರುತ್ತಿದ್ದರು. ರೈಲು ಹೋಗುವುದು ಪೋಲೆಂಡಿನ ಕ್ರಾಕೋವ್ ಊರಿಗೆ ಎಂದರು. ಅಲ್ಲಿ ಕೆಲಸ ಕೊಡುತ್ತಾರಂತೆ, ಅಲ್ಲಿ ಬಹಳ ಚಳಿಯಂತೆ. ಹೆಂಗಸರು ಕೂತು ಉಣ್ಣೆಯ ಕಾಲುಚೀಲ ಹೆಣೆದರು. ಆಮೇಲೆ ಇನ್ನೊಂದು ಸುದ್ದಿ ಹುಟ್ಟಿತು. ಮದುವೆಯಾದ ಜೋಡಿಗೆ ಅಲ್ಲಿ ಬೇರೆ ಕೋಣೆ ಕೊಡುತ್ತಾರಂತೆ, ಒಂಟಿ ಹುಡುಗಿಯರನ್ನು ಮಾತ್ರ ದೊಡ್ಡ ಕೊಟ್ಟಿಗೆಯಲ್ಲಿ ಒಟ್ಟಿಗೆ ಮಲಗಿಸುತ್ತಾರಂತೆ. ಯಾರು ಹೇಳಿದರು, ಯಾರಿಗೆ ಹೇಳಿದರು, ಯಾರೂ ಕೇಳಲಿಲ್ಲ. ನಮ್ಮನ್ನು ಬೀದಿಗೆ ತಂದವರು ನಮ್ಮ ಹೆಣ್ಣುಮಕ್ಕಳ ಮಾನದ ಬಗ್ಗೆ ಅಷ್ಟು ಕಾಳಜಿ ಮಾಡುತ್ತಾರೆ ಎಂಬುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ನನಗೂ ಕಾಣಲಿಲ್ಲ.

ಶುರುವಾಯಿತು ನೋಡಿ ಮದುವೆಗಳ ಸುಗ್ಗಿ. ಒಂದೇ ಚಪ್ಪರದ ಕೆಳಗೆ ಹನ್ನೆರಡು ಜೋಡಿ ಸಾಲಾಗಿ ನಿಂತವು. ಉಂಗುರ ಇದ್ದದ್ದು ಒಂದೇ, ಅದು ಬೆರಳಿಂದ ಬೆರಳಿಗೆ ಓಡಾಡಿತು. ಒಡೆಯುವುದಕ್ಕೆ ಲೋಟ ಸಿಗದೆ ಯಾರೋ ಕನ್ನಡಕದ ಗಾಜು ಕೊಟ್ಟರು. ಗಂಡಿನ ಅಜ್ಜನಿಗೆ ಹುಚ್ಚಿತ್ತೇ ಎಂದು ಒಬ್ಬ ತಾಯಿಯೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆ ಕಿತ್ತುಕೊಂಡರು, ಅಂಗಡಿ ಕಿತ್ತುಕೊಂಡರು, ಈಗ ನನ್ನ ಕಸುಬನ್ನೂ ಕೆಡಿಸಿದರು ಎಂದು ಸಿಟ್ಟು. ಎಷ್ಟು ಸಣ್ಣ ಸಿಟ್ಟು ಎಂದು ಈಗ ಗೊತ್ತಾಗುತ್ತದೆ.

ನಮ್ಮ ಕೋಣೆಯಲ್ಲಿ ಹದಿನೆಂಟು ಜನ. ಕಿಟಕಿಯ ಮೂಲೆಯನ್ನು ಹಿಡಿದುಕೊಂಡವಳು ಓರೊ ಕುಯೆಂಕಾ, ಹ್ಯಾಟಿನ ಅಂಗಡಿಯ ವಿಧವೆ. ಅವಳಿಗೊಬ್ಬಳೇ ಮಗಳು ಜೋಯಾ, ಇಪ್ಪತ್ನಾಲ್ಕು ವರ್ಷ, ಹ್ಯಾಟಿಗೆ ರಿಬ್ಬನ್ ಹೊಲಿಯುವವಳು. ತಾಯಿ ಹೆದರಿ ಉಗುಳು ನುಂಗುವ ಹೊತ್ತಲ್ಲೂ ನಕ್ಕುಬಿಡುವ ಹುಡುಗಿ. ಬಂದರಿನ ಹಮಾಲ ಲಿಯಾಜ್ ಅಮರೀಲ್ಯೊ ಅವಳನ್ನು ನಾಲ್ಕು ವರ್ಷದಿಂದ ಕೇಳುತ್ತಿದ್ದ. ಕೇಳಿಸುತ್ತಿದ್ದವಳು ನಾನೇ. ವರ್ಷಕ್ಕೊಮ್ಮೆ ಹೋಗುತ್ತಿದ್ದೆ, ವರ್ಷಕ್ಕೊಮ್ಮೆ ಓರೊ ನನಗೆ ಕಾಫಿ ಕೊಟ್ಟು ಕಳಿಸುತ್ತಿದ್ದಳು. "ತಲೆ ಮೇಲೆ ಹ್ಯಾಟಿಡೋ ಮನೆತನ ನಮ್ದು, ಬೆನ್ನ ಮೇಲೆ ಮೂಟೆ ಇಡೋರ ಹತ್ರ ಏನು ಸಂಬಂಧ ಪಲೋಂಬಕ್ಕ?" ಎನ್ನುತ್ತಿದ್ದಳು.

ಒಂದು ಭಾನುವಾರ ಅದೇ ಓರೊ ಚೀಲಗಳ ಮೇಲೆ ಕಾಲಿಟ್ಟುಕೊಂಡು ನನ್ನ ಮೂಲೆಗೆ ಬಂದಳು.

"ಅಕ್ಕ, ಆ ಹುಡುಗ ಲಿಯಾಜ್ ಈ ಕೇರಿಲೇ ಇದ್ದಾನಂತಲ್ಲ?"

"ಯಾವ ಲಿಯಾಜ್?" ಎಂದೆ. ನಾಲ್ಕು ವರ್ಷದ ಕಾಫಿ ನೆನಪಿತ್ತು.

"ಅಯ್ಯೋ, ಅದೇ ನಮ್ಮ ಲಿಯಾಜ್. ಅಮರೀಲ್ಯೊ ಅವರ ಮಗ. ಒಳ್ಳೇ ಗಟ್ಟಿ ಆಳು."

"ಹಮಾಲ ಕಣೇ ಅವನು."

"ಆಗ್ಲಿ ಬಿಡಿ ಅಕ್ಕ. ಕ್ರಾಕೋವಲ್ಲಿ ಹಿಮ ತೆಗೆಯೋಕೆ ಅಂಥವರೇ ಬೇಕಂತೆ. ಕೋಣೇಲಿ ಕಿಟಕಿ ಇರತ್ತಂತೆ. ನಾನು ಅವರ ಜೊತೇಲೇ ಇದ್ದುಬಿಡ್ತೀನಿ, ಒಂದು ಮೂಲೆ ಸಾಕು."

ಹಿಂದೆ ನಿಂತಿದ್ದ ಜೋಯಾ ನಕ್ಕಳು. "ನೋಡಿದ್ರಾ ಪಲೋಂಬತ್ತೆ, ನನ್ನ ಮದುವೆ ಮಾಡ್ಸೋಕೆ ಜರ್ಮನಿಯಿಂದ ಸೈನ್ಯ ಬರಬೇಕಾಯ್ತು."

ಲಿಯಾಜ್‌ಗೆ ಹೇಳಿಕಳಿಸಿದೆ. ಬಂದ. ಕುಳ್ಳ, ಅಗಲ ಬೆನ್ನು, ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದ. ಗ್ರೀಕ್ ಸೈನ್ಯದ ಜೊತೆ ಅಲ್ಬೇನಿಯಾದ ಯುದ್ಧಕ್ಕೆ ಹೋದಾಗ ಹಿಮಕ್ಕೆ ಆ ಕಾಲಿನ ಮೂರು ಬೆರಳು ಹೋಗಿದ್ದವು. ಓರೊ "ಕೂತ್ಕೊಳ್ಳಿ ಅಳಿಯಂದಿರೇ" ಎಂದಾಗ ಅವನು ಹಿಂದೆ ಬೇರೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. ಮದುವೆಗೆ ಒಪ್ಪಿದ. ಆಮೇಲೆ ನನ್ನನ್ನೂ ಜೋಯಾಳನ್ನೂ ಓರೊಳನ್ನೂ ಮೆಟ್ಟಿಲ ಕೆಳಗೆ ಕರೆದು ದನಿ ತಗ್ಗಿಸಿದ.

"ಕ್ರಾಕೋವಿಗೆ ನಾನು ಬರಲ್ಲ. ಜೋಯಾನೂ ಬರಲ್ಲ. ಥನಾಸಿ ಅಂತ ನನ್ನ ಸ್ನೇಹಿತ ಇದ್ದಾನೆ, ಗ್ರೀಕ್ ಹುಡುಗ, ಇಂಜಿನ್ನಿಗೆ ಕಲ್ಲಿದ್ದಲು ಹಾಕ್ತಾನೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅವನ ಗಾಡಿ ದಕ್ಷಿಣಕ್ಕೆ ಲಾರಿಸಾ ಕಡೆ ಹೋಗತ್ತೆ. ಅಲ್ಲಿರೋದು ಇಟಲಿಯವರು, ಅವರು ನಮ್ಮನ್ನ ಕೇಳಲ್ಲ. ಅಲ್ಲಿಂದ ಬೆಟ್ಟದ ಹಳ್ಳಿಗೆ ಹೋಗಿಬಿಡ್ತೀವಿ. ಬೇಲಿ ಆಚೆ ಇಂಜಿನ್ನಿಗೆ ನೀರು ತುಂಬಿಸೋ ಜಾಗ ಇದ್ಯಲ್ಲ, ಅಲ್ಲೊಂದು ಹಲಗೆ ಸಡಿಲ ಮಾಡಿದ್ದೀನಿ. ಕಲ್ಲಿದ್ದಲಿನ ಮಧ್ಯೆ ಇಬ್ಬರು ಕೂರೋಕೆ ಗೂಡು ಮಾಡಿದ್ದಾನೆ."

"ಇಬ್ಬರು," ಎಂದಳು ಓರೊ.

"ಇಬ್ಬರೇ ಅಮ್ಮ."

"ಕಾವಲಿನವನು?" ಎಂದೆ ನಾನು.

"ಅವನು ಸಿಗರೇಟಿಗೆ ಆ ಕಡೆ ತಿರುಗ್ತಾನೆ. ಥನಾಸಿ ನೋಡ್ಕೋತಾನೆ. ಅಲ್ಬೇನಿಯಾದಲ್ಲಿ ಅವನ ಕಾಲಿಗೆ ಗುಂಡು ಬಿದ್ದಾಗ ಹನ್ನೊಂದು ಮೈಲಿ ಬೆನ್ನ ಮೇಲೆ ಹೊತ್ಕೊಂಡು ಬಂದಿದ್ದೆ. ಮೂಟೆ ಹೊರೋ ಬೆನ್ನು ನೋಡಿ," ಎಂದು ಓರೊಳ ಕಡೆ ನೋಡಿ ಸ್ವಲ್ಪ ನಕ್ಕ.

ಓರೊ ಅತ್ತಳು, ಬೈದಳು, ಕಿಟಕಿಯಿರುವ ಕೋಣೆಯನ್ನು ನೆನೆಸಿಕೊಂಡು ಇನ್ನಷ್ಟು ಅತ್ತಳು. ಕೊನೆಗೆ ಕಣ್ಣೊರೆಸಿಕೊಂಡು ಒಪ್ಪಿದಳು. ಒಳಗೊಳಗೇ ಗಟ್ಟಿ ಹೆಂಗಸು. ಆದರೆ ಮದುವೆಯಾಗದ ಮಗಳು ಗಂಡಸಿನ ಜೊತೆ ಕಲ್ಲಿದ್ದಲಲ್ಲಿ ಕೂತು ಬೆಟ್ಟಕ್ಕೆ ಹೋಗುವುದನ್ನು ಮಾತ್ರ ಅವಳು ಸತ್ತರೂ ಒಪ್ಪುವವಳಲ್ಲ. ಸರಿ, ಮಂಗಳವಾರ ಮದುವೆ, ಶುಕ್ರವಾರ ಪ್ರಯಾಣ ಎಂದ ಲಿಯಾಜ್.

"ಶುಕ್ರವಾರವಾ?" ಓರೊ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಏಳು ದಿನ ಆಗೋಕೆ ಮುಂಚೆ ಮದುಮಗಳು ಹೊಸ್ತಿಲು ದಾಟೋದಾ? ನಮ್ಮ ಮನೇಲಿ ಯಾರೂ ಹಂಗೆ ಮಾಡಿಲ್ಲಪ್ಪ. ನನಗೇನು ಗೊತ್ತು, ಪಲೋಂಬಕ್ಕನ್ನ ಕೇಳಿ. ಅವರು ಹೋಗು ಅಂದ್ರೆ ಹೋಗ್ಲಿ, ನಾನು ತುಟಿಪಿಟಕ್ ಅನ್ನಲ್ಲ."

ಮೂವರೂ ನನ್ನ ಮುಖ ನೋಡಿದರು.

ನನ್ನ ಬದುಕಿನಲ್ಲಿ ಅಷ್ಟು ಆಸೆಯಿಂದ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಅವತ್ತು ಬೆಳಿಗ್ಗೆ ತಾನೇ ಆರು ಜೋಡಿಗಳನ್ನು ಒಂದೇ ಉಸಿರಿಗೆ ಮದುವೆ ಮಾಡಿಸಿ ಬಂದಿದ್ದೆ. ಅದರಲ್ಲೊಬ್ಬ ಮದುಮಗಳಿಗೆ ಗಂಡನ ಹೆಸರೇ ಸರಿಯಾಗಿ ಗೊತ್ತಿರಲಿಲ್ಲ. ಒಂದಾದರೂ ಮದುವೆ, ಈ ಹಾಳು ಬೇಲಿಯೊಳಗೆ ಒಂದಾದರೂ ಮದುವೆ ನಮ್ಮ ಅಜ್ಜಿಯರು ನೋಡಿ ತಲೆದೂಗುವ ಹಾಗೆ ಆಗಲಿ ಎಂದು ನನಗೆ ಹಟ ಬಂತು. ಜೊತೆಗೆ ನನ್ನ ಹತ್ತಿರ ಒಂದು ಜಾಣತನದ ಸಮಾಧಾನವೂ ಇತ್ತು. ನಮ್ಮ ಓಣಿಯ ಸರದಿ ಈ ಗುರುವಾರವಲ್ಲ, ಅದರ ಮುಂದಿನ ಗುರುವಾರದ ನಂತರ ಎಂದು ಪಟ್ಟಿ ನೋಡಿದವರೊಬ್ಬರು ಹೇಳಿದ್ದರು. ಜರ್ಮನ್ನರು ಏನೇ ಇರಲಿ, ಪಟ್ಟಿಯ ವಿಷಯದಲ್ಲಿ ಮಾತಿಗೆ ತಪ್ಪುವವರಲ್ಲ ಎಂದು ನಾವೆಲ್ಲ ನಂಬಿದ್ದೆವು.

"ಏಳು ದಿನ ಆಗಲೇಬೇಕು," ಎಂದೆ. "ಎಂಟನೇ ದಿನವೂ ಮಂಗಳವಾರವೇ. ಬೆಳಿಗ್ಗೆ ಮೀನು ದಾಟಲಿ, ದಾಟಿದ ಕಾಲಲ್ಲೇ ಹೊರಡಲಿ. ನಾಲ್ಕು ವರ್ಷ ಕಾದವರಿಗೆ ನಾಲ್ಕು ದಿನ ದೊಡ್ಡದಾ?"

"ಪಲೋಂಬತ್ತೆ," ಎಂದ ಲಿಯಾಜ್. ಅವನ ದನಿ ಬೇಡುವ ದನಿಯಾಗಿತ್ತು. "ಶುಕ್ರವಾರ ಹೋಗಬಹುದು ಅಂದುಬಿಡಿ. ಆಪತ್ತಲ್ಲಿ ನಡೆಯತ್ತೆ ಅಂತ ಒಂದು ಮಾತು ಹೇಳಿ. ನಿಮ್ಮ ಮಾತು ಯಾರೂ ತೆಗೆದುಹಾಕಲ್ಲ."

ನಿಜ, ಯಾರೂ ತೆಗೆದುಹಾಕುತ್ತಿರಲಿಲ್ಲ. "ನಮಗೆ ಯಾವತ್ತು ಆಪತ್ತಿರಲಿಲ್ಲಪ್ಪ?" ಎಂದು ಕೇಳಿದೆ. ಚೆನ್ನಾಗಿ ಮಾತಾಡಿದೆ ಎಂದು ನನಗೇ ಹೆಮ್ಮೆಯಾಯಿತು.

ಜೋಯಾ ಗಂಡನಾಗುವವನ ತೋಳು ತಟ್ಟಿದಳು. "ಹೋಗ್ಲಿ ಬಿಡು. ಅಮ್ಮನಿಗೆ ಇಷ್ಟು ಬಿಟ್ರೆ ನಾವು ಇನ್ನೇನು ಕೊಟ್ಟು ಹೋಗ್ತೀವಿ?"

ಮಂಗಳವಾರ ಮದುವೆಯಾಯಿತು. ಅವರಿಬ್ಬರಿಗೇ ಒಂದು ಚಪ್ಪರ, ಬೇರೆ ಜೋಡಿ ಸೇರಿಸಲು ನಾನು ಬಿಡಲಿಲ್ಲ. ಹಿಂದಿನ ದಿನ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಜೋಯಾಳಿಗೆ ಸ್ನಾನ ಮಾಡಿಸಿ, ಸಕ್ಕರೆ ರೊಟ್ಟಿಯ ಬದಲು ಒಣ ಬ್ರೆಡ್ಡನ್ನು ಅವಳ ತಲೆಯ ಮೇಲೆ ಮುರಿದಿದ್ದೆವು. ಅದು ಎಷ್ಟು ಗಟ್ಟಿಯಿತ್ತೆಂದರೆ ಅವಳು "ಅಯ್ಯಮ್ಮಾ, ಮದುವೆಗೆ ಮುಂಚೇನೇ ಹೊಡೀತೀರಲ್ಲ!" ಎಂದು ಕೂಗಿದಳು.

ಕೋಣೆಯ ಕಿಟಕಿಯ ಮೂಲೆಗೆ ಒಂದು ದುಪ್ಪಟಿ ಕಟ್ಟಿ ರಾಜ ರಾಣಿಯರ ಅರಮನೆ ಮಾಡಿದೆವು. ಅರಮನೆಯ ಈಚೆಗೆ ಹದಿನೇಳು ಜನ ಪ್ರಜೆಗಳು ಕೆಮ್ಮುತ್ತ, ಗೊರಕೆ ಹೊಡೆಯುತ್ತ ಮಲಗುತ್ತಿದ್ದೆವು. ಮದುಮಗ ನೀರಿಗೆ ಹೋಗುವ ಹಾಗಿಲ್ಲ, ಸೌದೆ ಮುಟ್ಟುವ ಹಾಗಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಮೂಟೆ ಹೊತ್ತ ಲಿಯಾಜ್ ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತಿರುತ್ತಿದ್ದ. ಓರೊ ಅವನಿಗೆ ತನ್ನ ಪಾಲಿನ ಸೂಪು ಕೊಟ್ಟು, "ತಗೊಳ್ಳಿ ಅಳಿಯಂದಿರೇ, ಬೆಟ್ಟದಲ್ಲಿ ಏನು ಸಿಗತ್ತೋ ಏನೋ" ಎನ್ನುತ್ತಿದ್ದಳು. ಯಾರೋ ಒಂದು ಈರುಳ್ಳಿ ತಂದು ಉಡುಗೊರೆ ಕೊಟ್ಟರು. ಒಬ್ಬ ಮುದುಕ ಬಾಚಣಿಗೆಗೆ ಕಾಗದ ಸುತ್ತಿ ಊದಿದ, ಹೆಂಗಸರು ಹಾಡಿದರು. ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ. ಆ ಏಳು ದಿನ ನಾವು ಆ ಕೋಣೆಯಲ್ಲಿ ಬಹಳ ಸಂತೋಷವಾಗಿದ್ದೆವು. ಅದಕ್ಕೆ ಕಾರಣ ನಾನೇ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಬೇಲಿಯಾಚೆ ಇಂಜಿನ್ನು ಎರಡು ಸಲ ಉದ್ದಕ್ಕೆ ಕೂಗಿತು. ಲಿಯಾಜ್ ಎದ್ದು ನಿಂತ. ಜೋಯಾ ಅವನ ಕೈ ಹಿಡಿದು ಕೂರಿಸಿದಳು. ಇಬ್ಬರಿಗೆ ಜಾಗವಿದ್ದ ಗೂಡು ಖಾಲಿಯಾಗಿ ಲಾರಿಸಾಕ್ಕೆ ಹೋಯಿತು.

ಇನ್ನು ಮೀನಿನ ಪ್ರಶ್ನೆ. ಸಮುದ್ರದ ದಡದಲ್ಲಿ ಹುಟ್ಟಿ ಬೆಳೆದವರು ನಾವು, ಬೇಲಿಯೊಳಗೆ ಮೀನಿನ ಒಂದು ಮುಳ್ಳೂ ಇರಲಿಲ್ಲ. ಲಿಯಾಜ್ ಯಾರದೋ ಕೈಯಲ್ಲಿ ಬೇಲಿಯ ಸಂದಿಯಿಂದ ಥನಾಸಿಗೆ ಚೀಟಿ ಕಳಿಸಿದ. ಮಂಗಳವಾರ ಬರುವಾಗ ಒಂದು ಮೀನು ತಾ, ಹೆಂಡತಿ ದಾಟಬೇಕು ಎಂದು. ಥನಾಸಿಯಿಂದ ಉತ್ತರ ಬಂತು, ನಿಮಗೆಲ್ಲ ತಲೆ ಕೆಟ್ಟಿದೆಯೇ, ತರುತ್ತೇನೆ.

ಸೋಮವಾರ ಸಂಜೆ ಓರೊ ತನ್ನ ಒಳ್ಳೆಯ ಕೋಟನ್ನು ಬಿಚ್ಚಿ ಮಗಳ ಅಳತೆಗೆ ಹೊಲಿದಳು. ಅಂಗಡಿಯಿಂದ ತಂದು ಅಷ್ಟು ದಿನ ಎದೆಗವಚಿಕೊಂಡಿದ್ದ ಹಸಿರು ಹ್ಯಾಟನ್ನು ಮಗಳ ತಲೆಗಿಟ್ಟು ನೋಡಿದಳು. "ಕಲ್ಲಿದ್ದಲಲ್ಲಿ ಹಾಳಾಗತ್ತೆ ಕಣಮ್ಮ," ಎಂದಳು ಜೋಯಾ. "ಹಾಳಾದ್ರೆ ಆಗ್ಲಿ. ಇಳಿಯೋವಾಗ ಹಾಕ್ಕೋ. ಯಾರ ಮನೆ ಮಗಳು ಅಂತ ಅಲ್ಲಿಯವರಿಗೂ ಗೊತ್ತಾಗ್ಲಿ," ಎಂದಳು ಓರೊ.

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಲಿಯಾಜ್ ಕೋಟು ಹಾಕಿಕೊಂಡು ಸಿದ್ಧನಾಗಿದ್ದ.

"ಪಲೋಂಬತ್ತೆ, ನಾವಿಬ್ಬರೂ ನಿಮ್ಮ ಜೊತೇನೇ ಬೇಲಿ ಹತ್ರ ಬಂದುಬಿಡ್ತೀವಿ. ಮೀನನ್ನ ಅಲ್ಲೇ ನೆಲದ ಮೇಲಿಟ್ಟು ದಾಟಿದ್ರಾಯ್ತು."

"ಬೀದಿಲಿ ಮೀನು ದಾಟೋಕೆ ಅವಳೇನು ಬೆಕ್ಕಾ?" ಎಂದೆ. "ಮೀನು ಮನೆಗೆ ಬರಬೇಕು. ಅದನ್ನ ದಾಟಿದ ಮೇಲೆ ಹೊಸ್ತಿಲು ದಾಟಬೇಕು. ಹತ್ತು ನಿಮಿಷದ ಕೆಲಸ. ನಾನು ಹೋಗಿ ತರ್ತೀನಿ. ಓರೊ, ತಟ್ಟೆ ತೊಳೆದಿಟ್ಟಿರು."

"ಬೇಗ ಬನ್ನಿ ಅತ್ತೆ," ಎಂದಳು ಜೋಯಾ. "ದೊಡ್ಡ ಮೀನಾದ್ರೆ ನಾನು ಎಡವಿ ಬೀಳ್ತೀನಿ, ಸಣ್ಣದೇ ಆರಿಸ್ಕೊಂಡು ಬನ್ನಿ." ಅದೇ ಅವಳು ನನ್ನ ಜೊತೆ ಆಡಿದ ಕೊನೆಯ ಮಾತು.

ಬೇಲಿಯ ಹತ್ತಿರ ಇಂಜಿನ್ನು ನಿಂತು ನೀರು ಕುಡಿಯುತ್ತಿತ್ತು. ಕಾವಲಿನವನು ಆಚೆ ಮುಖ ಮಾಡಿ ಸಿಗರೇಟು ಸೇದುತ್ತಿದ್ದ. ಹಲಗೆ ಸರಿಯಿತು. ಮಸಿ ಮೆತ್ತಿದ ಒಂದು ಮುಖ, ಒಂದು ಕೈ, ಆ ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಮೀನು.

"ಎಲ್ಲಿ ಅವರು?" ಎಂದ ಥನಾಸಿ.

ನನಗೆ ಬರುವ ಹರಕು ಗ್ರೀಕಿನಲ್ಲಿ ಹೇಳಿದೆ. "ಬರ್ತಾರೆ. ಮೀನು ದಾಟಿ ಬರ್ತಾರೆ. ಹತ್ತೇ ನಿಮಿಷ."

"ಹತ್ತು ನಿಮಿಷ ತುಂಬಿಸೋಷ್ಟು ನೀರು ಬಾಕಿ ಇಲ್ಲಮ್ಮ. ಓಡಿ, ಕರ್ಕೊಂಡು ಬನ್ನಿ. ಮೀನು ಹಾಳಾಗ್ಲಿ."

ಮೀನನ್ನು ಹಿಡಿದುಕೊಂಡು ತಿರುಗಿದೆ. ನಮ್ಮ ಓಣಿಯ ಬಾಯಿಗೆ ಅಡ್ಡವಾಗಿ ಲಾರಿ ನಿಂತಿತ್ತು. ಸಿಳ್ಳೆ, ಬೂಟಿನ ಸದ್ದು, ನಾಯಿಗಳು. ಬಾಗಿಲು ಬಾಗಿಲಿಂದ ಜನ ಚೀಲ ಹೊತ್ತು ಹೊರಗೆ ಬರುತ್ತಿದ್ದರು. ಗುರುವಾರದ ನಂತರ ಎಂದಿದ್ದ ಓಣಿ ಮಂಗಳವಾರವೇ ಖಾಲಿಯಾಗುತ್ತಿತ್ತು. ಬೇರೆ ಯಾವುದೋ ಓಣಿಯಲ್ಲಿ ರೈಲಿಗೆ ಸಾಕಾಗುವಷ್ಟು ಜನ ಸಿಕ್ಕಿರಲಿಲ್ಲವಂತೆ, ಆಮೇಲೆ ಯಾರೋ ಹೇಳಿದರು. ಜನರ ತಲೆಗಳ ನಡುವೆ ಒಂದು ಹಸಿರು ಹ್ಯಾಟು ಕಂಡಿತು. ಬೇಲಿಯಲ್ಲಿದ್ದಿದ್ದರೆ ಅದು ಈಗ ಕಲ್ಲಿದ್ದಲಿನೊಳಗಿರುತ್ತಿತ್ತು ಎಂದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಬೇಲಿಗೆ ಬರುತ್ತೇವೆ ಎಂದು ಅವರು ಕೇಳಿದ್ದರು. ಬೇಡವೆಂದವಳು ನಾನು.

ಹಿಂದಿನಿಂದ ಒಂದು ಕೈ ನನ್ನ ಶಾಲು ಹಿಡಿದು ಸಂದಿಯೊಳಗೆ ಎಳೆಯಿತು. "ಬಿಡು, ಅಲ್ಲಿ ಮಕ್ಕಳಿದ್ದಾರೆ," ಎಂದೆ. "ಅಲ್ಲಿಗೆ ಹೋದ್ರೆ ನೀವೂ ರೈಲಿಗೆ, ಅಷ್ಟೇ. ಗೂಡು ಖಾಲಿ ಇದೆ, ಹತ್ತಿ," ಎಂದ ಥನಾಸಿ. ನಾನು ಹಿಂದಕ್ಕೆ ಹೋಗಬಹುದಿತ್ತು. ಅವನು ನನ್ನನ್ನು ಕಟ್ಟಿಹಾಕಿರಲಿಲ್ಲ. ಐವತ್ತೆಂಟು ವರ್ಷದ ವಿಧವೆ, ಹಿಂದೆ ಮುಂದೆ ಯಾರೂ ಇಲ್ಲದವಳು ಹತ್ತಿದೆ. ನನಗೆ ಬದುಕುವ ಆಸೆ ಅಷ್ಟಿತ್ತು ಎಂಬುದು ನನಗೇ ಅವತ್ತೇ ತಿಳಿದದ್ದು.

ಮುಂದೆ ಹದಿನೆಂಟು ತಿಂಗಳು ಲಾರಿಸಾದಾಚೆಯ ಒಂದು ಬೆಟ್ಟದ ಹಳ್ಳಿಯಲ್ಲಿ ಥನಾಸಿಯ ಮೂಗಿ ಸೋದರತ್ತೆಯಾಗಿ ಆಡು ಕಾಯ್ದೆ. ಬಾಯಿ ತೆಗೆದರೆ ನನ್ನ ಗ್ರೀಕಿನಿಂದಲೇ ಯಾವ ಜನ ಎಂದು ಗೊತ್ತಾಗುತ್ತಿತ್ತು. ಮೂವತ್ತು ವರ್ಷ ಮಾತಾಡಿ ಹೊಟ್ಟೆ ಹೊರೆದವಳು ಮೂಗಿಯಾಗಿ ಬದುಕಿಕೊಂಡೆ. ಅದನ್ನು ಅಭ್ಯಾಸ ಮಾಡಿದ್ದು ಬೆಟ್ಟದಲ್ಲಲ್ಲ, ಅವತ್ತು ಬೆಳಿಗ್ಗೆ ಆ ಗೂಡಿನೊಳಗೆ.

ಯಾಕೆಂದರೆ ನಮ್ಮ ಇಂಜಿನ್ನು ತಕ್ಷಣ ಹೊರಡಲಿಲ್ಲ. ಪಕ್ಕದ ಹಳಿಯ ಮೇಲೆ ಸಾಮಾನು ಡಬ್ಬಿಗಳು ನಿಂತಿದ್ದವು, ಅವಕ್ಕೆ ಜನರನ್ನು ತುಂಬುವ ತನಕ ನಮಗೆ ದಾರಿಯಿರಲಿಲ್ಲ. ನಾನು ಹಲಗೆಯ ಕೆಳಗೆ, ಮೇಲೆ ಕಲ್ಲಿದ್ದಲು. ಕಾಣುವುದೇನೂ ಇಲ್ಲ, ಕೇಳುವುದು ಎಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ ಓರೊಳ ದನಿ. ಹ್ಯಾಟಿನ ಅಂಗಡಿಯಲ್ಲಿ ಗಿರಾಕಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಅದೇ ದನಿ.

"ಸ್ವಲ್ಪ ಸರೀರಿ, ಹೊಸ ಮದುಮಕ್ಕಳಿದ್ದಾರೆ. ಗಾಳಿ ಬರೋ ಕಡೆ ಬಿಡ್ರೀ ಅವರನ್ನ."

ಯಾರೋ ಗದರಿದರು. ಬೂಟಿನ ಸದ್ದು ಹತ್ತಿರ ಬಂತು. ಓರೊಳಿಗೆ ಜರ್ಮನ್ ಬರುತ್ತಿರಲಿಲ್ಲ. ನಮ್ಮ ಭಾಷೆಯಲ್ಲೇ, ಮಕ್ಕಳಿಗೆ ತಿಳಿಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು.

"ಒಂದು ಐದು ನಿಮಿಷ ತಾಳಪ್ಪ. ಇವತ್ತು ಇವಳಿಗೆ ಎಂಟನೇ ದಿನ. ಇನ್ನೂ ಮೀನು ದಾಟಿಲ್ಲ. ಪಲೋಂಬಕ್ಕ ತರೋಕೆ ಹೋಗಿದ್ದಾರೆ, ಈಗ ಬಂದುಬಿಡ್ತಾರೆ. ಅವರು ಯಾವತ್ತೂ ತಡ ಮಾಡೋರಲ್ಲ."

ನನ್ನ ಮಡಿಲಲ್ಲಿ ಮೀನಿತ್ತು. ಥನಾಸಿ ಸಣ್ಣದೇ ಆರಿಸಿ ತಂದಿದ್ದ. ನಾನು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಡಬ್ಬಿಯ ಬಾಗಿಲು ಎಳೆದ ಸದ್ದು ಕೇಳುವ ತನಕ ಮಿಸುಕದೆ ಕೂತಿದ್ದೆ.